ಅಪ್ಪನ ಫಂಕ್ಷನ್

ಶ್ಯಾಣ್ಯಾರ ಜೋಡಿ ಕೆಲಸ ಮಾಡಿದ್ರ ನಗಿಗೇನ ಬರ ಇರೂದಿಲ್ರೀ. ಬರ ಇರೂದು ಬುದ್ಧಿಗೆ. ಎರಡ ಸಾವಿರದ ಇಸವಿ ಸುಮಾರಿಗೆ ಸದಾಶಿವನಗರದಾಗ ಒಂದ ಖೋಲಿ ಹಿಡದು ನಾನೂ ನಮ್ಮ ಪಾರ್ಟನರೂ ಒಂದ ಕಂಪ್ಯೂಟರ್ ಆಟಾ ತಿದ್ದಾಕ ಕುಂತಿದ್ವಿ. ಬಂದೂಕಿನ ಆಟಾ. ಅದರಾಗಿನ ರಾಕ್ಷಸರನ್ನ ತಗದು ಹಾಯೂ ಎಮ್ಮಿ ಬಿಡೂದು ನಮ್ಮ ವಿಚಾರ. ಖಾನಾಪುರದಾಗ ಒಬ್ಬ ಸಾವಕಾರ್ರು ಆಟದ ಸೆಂಟರ್ ತಗ್ಯಾವ್ರಿದ್ರು. "ಉದ್ಘಾಟನಾದ ದಿನಾ ನಿಮ್ಮ ಆಟಾ ನೆಟ್ಟಗ ನಡದ್ರ ಎಲ್ಲಾ ಮಷೀನಿಗೂ ಹಾಕಸ್ತೀನಿ. ಇಲ್ಲಂದ್ರ ಸಿಡಿ ತಗೊಂಡ ಬಂದ ದಾರಿ ಹಿಡೀರಿ" ಅಂದಿದ್ರು. ಮಾತ ಕೊಟ್ಟಾವ ನಾನು, ಕೆಡಸಾವ ಪಾರ್ಟನರು. ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟಿಗೆ ಕಟ್ಟ ಹಾಕಿಸಿ ಗ್ವಾಡಿಗೆ ತೂಗಬಿಟ್ಟಿದ್ದ. ನಾ ಅವಗ ಶ್ಯಾಣ್ಯಾ ಅಂತಿದ್ದೆ.

೧. ಯಾರದ ಫಂಕ್ಷನ್ನೋ?

ಆಟದ ಪ್ರೋಗ್ರಾಮಿನ್ಯಾಗ ಅಪ್ಪ-ಮಕ್ಕಳ ಸಂಬಂಧ ಇರತೈತಿ. ಓಡೂದು, ಒದರೂದು, ಸಾಯೂದು, ಹಿಂಗ ಅಪ್ಪ ಮಾಡೂ ಒಂದೊಂದ ಕೆಲಸಕ್ಕ ಫಂಕ್ಷನ್ ಅಂತಾರ. ಮಗಗ ಅದು ತಾನ ಬರತೈತಿ. ಮಗಾ ಬ್ಯಾರೆ ನಮೂನಿ ಮಾಡಬೇಕಂದ್ರ ಅದ ಹೆಸರಿಲೆ ಹೊಸಾದ ಬರದು, ಕಡೀಕ ಅಪ್ಪನ್ನ ಕರೀಬೇಕು. ಕರೀಲಿಲ್ಲಂದ್ರ ಅಪ್ಪ ಮಾಡೂ ಕೆಲಸಾ ಅಲ್ಲೇ ನಿಂತಹೋಗತೈತಿ. ಇದನ್ನ ಶ್ಯಾಣ್ಯಾನ ತಲಿಗೆ ತುಂಬಾಕತ್ತಿದ್ದೆ. ಮನಿ ಮಾಲಕಿ ಅಜ್ಜಿ ಬಾಗಲದಾಗ ನಿಂತು, "ಯಾರದ ಫಂಕ್ಷನ್ನೋ ತಮ್ಮಾ?" ಅಂದ್ರು.

"ಅಪ್ಪಂದ್ರೀ ಅಜ್ಜಿ. ಸಾಯೂ ಫಂಕ್ಷನ್" ಅಂದ ಶ್ಯಾಣ್ಯಾ, ತಲಿ ಎತ್ತದ.

"ಅಯ್ಯ ಶಿವನ! ಯಾವಾಗ ಮಾಡ್ತೀರಿ?"

"ಮಾಡೂದಿಲ್ರೀ. ಅಪ್ಪಂದ ತಗದ ಒಗದು ನಮ್ದ ಮಾಡಾವ್ರದೀವಿ."

ಅಜ್ಜಿ ಪಾಪ, ಸೀದಾ ದೇವರ ಮುಂದ ಹೋಗಿ ಕುಂತ್ರು. ಸಂಜೀಕ ಬಂದು ಇಬ್ಬರ ಹಣಿಗೂ ವಿಭೂತಿ ಬಡದ ಹೋದ್ರು.

೨. ಬಾಗಲಾ ಒದರಿತು

ಎಮ್ಮಿಗೆ ದನಿ ಕೊಡಪಾ ಅಂದ್ರ, ಈ ಮಹಾಶಯ ಎಮ್ಮಿ ಬಿಟ್ಟು, ಆಟದಾಗಿನ ಎಲ್ಲಾದಕ್ಕೂ ಮುತ್ಯಾ ಆದ ಪ್ರೋಗ್ರಾಮಿನ್ಯಾಗ ಬರದಿಟ್ಟ. ಮುತ್ಯಾನ ದನಿ ಮೊಮ್ಮಕ್ಕಳಿಗೆಲ್ಲಾ ಬಂತು. ಬಾಗಲಾ ತಗದ್ರ ಎಮ್ಮಿಗತೆ ಒದರತೈತಿ, ಬಂದೂಕ ಎತ್ತಿದ್ರ ಒದರತೈತಿ. ಸುಮ್ನಿದ್ದದ್ದು ಎಮ್ಮಿ ಒಂದ. ಯಾಕಂದ್ರ ಅದಕ್ಕಂತ ನಾ ಮೊದಲ ಇಟ್ಟಿದ್ದ ಖಾಲಿ ಫಂಕ್ಷನ್ ಹಂಗ ಇತ್ತು, ಮುತ್ಯಾನ ದನಿ ಅದಕ್ಕ ಬರಲಿಲ್ಲ.

"ಏನಲೇ ಇದು?" ಅಂದೆ.

"ಎಮ್ಮಿ ವಿಚಾರವಂತ ಪ್ರಾಣಿ, ಅದಕ್ಕ ಸುಮ್ನೈತಿ" ಅಂದ.

ಖರೇ. ಆ ಖೋಲ್ಯಾಗ ವಿಚಾರ ಮಾಡೂ ಪ್ರಾಣಿ ಅದೊಂದ ಇತ್ತು.

೩. ಸಾಯವಲ್ಲದ ಸಾವಕಾರ್ರು

ಸಾಯೂ ಫಂಕ್ಷನ್ ಶ್ಯಾಣ್ಯಾನ ಬರದಿದ್ದ. ನಾ ಒಮ್ಮೆ ನೋಡ್ತೀನಂದ್ರ, "ನನ್ನ ಮ್ಯಾಲ ಭರೋಸಾ ಇಲ್ಲೇನು?" ಅಂತ ಮಾರಿ ಉಬ್ಬಿಸ್ಕೊಂಡ.

ಖಾನಾಪುರದಾಗ ಸಾವಕಾರ್ರು ತಾವ ಮೊದಲ ಆಡಾಕ ಕುಂತ್ರು. ಆಟದಾಗ ಸತ್ತಾವ ಎದ್ದು ಮುಂದಿನಾವಗ ಕುರ್ಚಿ ಬಿಡೂದು ಅಂತ ಠರಾವಾತು. ಎಮ್ಮಿ ಹಾದವು, ಸಾವಕಾರ್ರು ಬಿದ್ರು, ಎದ್ರು. ಮತ್ತ ಹಾದವು, ಮತ್ತ ಎದ್ರು. ಜೀವ ಸೊನ್ನಿಗಿಂತ ಕೆಳಗ ಇಳದ್ರೂ ಮನಶಾ ಸಾಯವಲ್ಲ! ಹಿಂದ ನಿಂತ ಮಂದಿ, "ಅರೇ, ಹಾ ಮರತಚ್ ನಾಹೀ! ಸಾಯವಲ್ರಲ್ಲಪಾ! ಏಳ್ರೀ ಸಾವಕಾರ್ರ, ಸಾಕು" ಅಂತ ಗದ್ದಲಾ ಹಚ್ಚಿದ್ರು.

ಶ್ಯಾಣ್ಯಾ ಹಣಿ ಬಡಕೊಂಡು ಚೀರಿದ: "ಅಪ್ಪನ್ನ ಕರದಿಲ್ರೀ! ಅಪ್ಪನ್ನ ಕರೀಲಾರದ ಮಗಾ ಸಾಯೂದಿಲ್ಲ!"

ಯಾರೋ ಪುಣ್ಯಾತ್ಮ ಪ್ಯಾಟಿಗೆ ಓಡಿ ಸಾವಕಾರ್ರ ಅಪ್ಪನ್ನ ಅಂಗಡಿಯಿಂದ ಎಬ್ಬಿಸ್ಕೊಂಡ ಬಂದ. ಮುದುಕರು ತೇಕಿಕೋತ ಒಳಗ ಬಂದು, "ನನ್ನ ಮಗಗ ಏನಾತ್ರೀ?" ಅಂದ್ರು.

ಶ್ಯಾಣ್ಯಾ ಕೈ ಮುಗದು, "ಏನೂ ಆಗಿಲ್ರೀ ಅಜ್ಜಾರ. ಅದ ತ್ರಾಸ ಆಗೈತಿ. ಎಷ್ಟ ಹೊಡದ್ರೂ ಸಾಯವಲ್ರು" ಅಂದ.

ಮುದುಕರು ಸಿಡಿ ತಗಸಿ ನನ್ನ ಕೈಯಾಗಿಟ್ಟು, ಬಸ್‌ಸ್ಟ್ಯಾಂಡ್ ಕಡೆ ಬಟ್ಟ ತೋರಿಸಿದ್ರು. ಬಸ್ಸಿನ್ಯಾಗ ದಾರಿ ತುಂಬ ನಾ ಹೋದ ರೊಕ್ಕದ ಲೆಕ್ಕಾ ಹಾಕಾಕತ್ತಿದ್ದೆ. ಬಾಜೂಕ ಶ್ಯಾಣ್ಯಾ ಗೊರಕಿ ಹೊಡ್ಯಾಕತ್ತಿದ್ದ.

ಖೋಲಿ ಮುಂದ ಅಜ್ಜಿ ಕುಂತಿದ್ರು. "ಫಂಕ್ಷನ್ ಚಂದಂಗ ಆತೇನೋ ತಮ್ಮಾ?"

"ಎಲ್ಲೀದ ಅಜ್ಜಿ," ಅಂದೆ, "ಯಾರೂ ಸಾಯಲೇ ಇಲ್ಲ. ಅದಕ್ಕ ಫಂಕ್ಷನ್ ಕೆಟ್ಟಹೋತು."