ಟಾರ್ಚಿನ ಹೊಟ್ಟೆಯಲ್ಲಿ ಮೂರು ಬಲ್ಬು

ಬದಲಿ ಬಲ್ಬನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳಲು ಜಾಗವಿಲ್ಲದ ಟಾರ್ಚು ಒಂದು ಪ್ರಜಾಸತ್ತಾವಿರೋಧಿ ಸಾಧನ ಎಂಬುದು ನನ್ನ ದೃಢವಾದ ನಂಬಿಕೆ. ಇಂದಿನ ಟಾರ್ಚುಗಳನ್ನು ನೋಡಿ. ಎಲ್ಲ ಕಡೆಯಿಂದಲೂ ಅಂಟು ಹಾಕಿ ಮುಚ್ಚಿರುತ್ತಾರೆ. ದೀಪ ಹೋದರೆ ಇಡೀ ಟಾರ್ಚನ್ನೇ ಎಸೆಯಬೇಕು. ಬಳಕೆದಾರನಿಗೆ ಒಳಗೆ ಇಣುಕುವ ಹಕ್ಕೂ ಇಲ್ಲ! ಇದು ಅನ್ಯಾಯ. ಅನ್ಯಾಯವನ್ನು ಕಂಡಲ್ಲೇ ಹೆಸರು ಹಿಡಿದು ಕರೆಯಬೇಕೆಂದು ನಾನು ಓದಿದ ಶಾಲೆಯಲ್ಲಿ ಕಲಿಸಿದ್ದರು. ಅಲ್ಲಿ ಬೆಂಚುಗಳಿರಲಿಲ್ಲ, ನಾವು ದುಂಡಗೆ ಕುಳಿತು ಪ್ರಶ್ನೆ ಕೇಳುತ್ತಿದ್ದೆವು. ಉತ್ತರ ಬರುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು.

ನನ್ನ ಪತ್ನಿ ಸುಧಾಳಿಗೆ ದೂರಸಂಪರ್ಕ ಕಂಪನಿಯೊಂದು ನೈರೋಬಿಯಲ್ಲಿ ಕೆಲಸ ಕೊಟ್ಟಾಗ ನಾನೂ ಮಗಳು ಇಳಾಳೂ ಜೊತೆಗೆ ಬಂದೆವು. ಇಲ್ಲಿಯ ಸರ್ಕಾರದ ದೃಷ್ಟಿಯಲ್ಲಿ ನಾನು ಸುಧಾಳ ‘ಅವಲಂಬಿತ’. ಸಮಾನತೆಯ ಪ್ರತಿಪಾದಕನಾದ ನಾನು ಈ ಪದವನ್ನು ಹೆಮ್ಮೆಯಿಂದ ಸ್ವೀಕರಿಸಿದ್ದೇನೆ. ಪತ್ನಿಯು ಪತಿಯನ್ನು ‘ರೀ’ ಎಂದು ಕರೆಯುವುದು ಪುರುಷಪ್ರಧಾನತೆಯ ಪಳೆಯುಳಿಕೆಯಾದ್ದರಿಂದ ಸುಧಾ ನನ್ನನ್ನು ‘ಮಧು’ ಎಂದೇ ಕರೆಯುತ್ತಾಳೆ. ‘ರೀ’ ಎಂಬ ಪದವನ್ನು ಆಕೆ ವಿಪತ್ತಿನ ಸಂದರ್ಭಗಳಿಗೆಂದು ಎತ್ತಿಟ್ಟಿದ್ದಾಳೆ.

ಮೈಸೂರಿನಿಂದ ಬರುವಾಗ ಎರಡು ಸೆಲ್ಲಿನ ಹಳೆಯ ಉಕ್ಕಿನ ಟಾರ್ಚೊಂದನ್ನು ತಂದಿದ್ದೆ. ಅದರ ಹಿಂಬದಿಯ ಮುಚ್ಚಳವನ್ನು ತಿರುಗಿಸಿದರೆ ಒಳಗೊಂದು ಸ್ಪ್ರಿಂಗು, ಸ್ಪ್ರಿಂಗಿನ ನಡುವೆ ಒಂದು ಪುಟ್ಟ ಗೂಡು, ಆ ಗೂಡಿನಲ್ಲಿ ಒಂದು ಬದಲಿ ಬಲ್ಬಿಗೆ ಸ್ಥಳ. ಎಂತಹ ಘನವಾದ ಕಲ್ಪನೆ! ಆದರೆ ಒಂದೇ ಬಲ್ಬು ಏಕೆ? ಭವಿಷ್ಯದ ಬಗ್ಗೆ ಇಷ್ಟು ಜಿಪುಣತನವೇ? ಮೂರಿಡಬೇಕೆಂದು ತೀರ್ಮಾನಿಸಿದೆ.

ಬಲ್ಬುಗಳನ್ನು ಕೊಟ್ಟವರು ಮೇಲಿನ ಮಹಡಿಯ ಹಿಲರಿ ಅಂಕಲ್. ಮಂಗಳೂರಿನವರಾದ ಅವರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾರೆ. ಹಳೆಯ ಡಬ್ಬಿಯೊಂದನ್ನು ಕೊಡವಿ ಮೂರು ಬಲ್ಬುಗಳನ್ನು ನನ್ನ ಕೈಗಿತ್ತರು.

“ಮಧು, ಇದು ನಿಮ್ಮ ಟಾರ್ಚಿಗೆ ಕೂರ್ತದಾ ಅಂತ ಒಮ್ಮೆ ಹಾಕಿ ನೋಡಿ ಆಯ್ತಾ? ಬಲ್ಬಿನಲ್ಲಿ ಬೇರೆ ಬೇರೆ ಜಾತಿ ಉಂಟು.”

“ಅಂಕಲ್, ನಾನು ಜಾತಿಯನ್ನು ಒಪ್ಪುವುದಿಲ್ಲ.”

“ಬಲ್ಬಿನದ್ದು ಮಾರಾಯ್ರೆ!”

ನಾನು ಓದಿದ ಶಾಲೆಯಲ್ಲಿ ಪರೀಕ್ಷೆಗಳಿರಲಿಲ್ಲ. ಪರೀಕ್ಷೆಯೆಂಬುದು ಒಂದು ಜೀವದ ಅಂತಃಸತ್ವವನ್ನು ಅವಮಾನಿಸುವ ಕ್ರಮವೆಂದು ನಮಗೆ ಹೇಳಿಕೊಟ್ಟಿದ್ದರು. ಹೀಗಾಗಿ ನಾನು ಬಲ್ಬುಗಳನ್ನೂ ಪರೀಕ್ಷಿಸಲಿಲ್ಲ.

ಮೂರು ಬಲ್ಬುಗಳು ಪರಸ್ಪರ ತಾಗಿ ಒಡೆಯಬಾರದಲ್ಲ? ಪ್ಲಾಸ್ಟಿಕ್ ಚೀಲವನ್ನು ಈ ದೇಶ ನಿಷೇಧಿಸಿದೆ, ನಾನಂತೂ ಅದಕ್ಕೂ ಬಹಳ ಮೊದಲೇ ನಿಷೇಧಿಸಿದ್ದೆ. ಆದ್ದರಿಂದ ಶುದ್ಧ ಹತ್ತಿಯಲ್ಲಿ ಅವುಗಳನ್ನು ಸುತ್ತಿ ಸ್ಪ್ರಿಂಗಿನ ಹಿಂದೆ ತುರುಕಿದೆ. ಮುಚ್ಚಳ ಒಪ್ಪಲಿಲ್ಲ. ಮೊಣಕಾಲಿನ ನಡುವೆ ಟಾರ್ಚನ್ನು ಹಿಡಿದು, ಉಸಿರು ಬಿಗಿಹಿಡಿದು ಒತ್ತಿದೆ. ಕೊನೆಗೆ ಒಂದೇ ಒಂದು ಸುತ್ತು ತಿರುಗಿ ನಿಂತಿತು.

“ಅಪ್ಪಾ, ಫೋನಲ್ಲೇ ಟಾರ್ಚ್ ಇದೆ, ಯೂ ನೋ,” ಎಂದಳು ಇಳಾ.

ಇತಿಹಾಸವು ನನ್ನ ಪರವಾಗಿ ತೀರ್ಪು ಕೊಡುವ ದಿನ ಬರುತ್ತದೆಂದು ಅವಳಿಗೆ ತಿಳಿಸಿದೆ. ಆ ದಿನ ಬಂತು.

ಹಿಲರಿ ಅಂಕಲ್ ಅವರ ಮಗಳು ರೀನಾಳ ಮದುವೆ ನಿಶ್ಚಯವಾಗಿತ್ತು. ಅವರಲ್ಲಿ ಮದುವೆಯ ಹಿಂದಿನ ದಿನ ‘ರೋಸ್’ ಎಂಬ ಶಾಸ್ತ್ರ. ವಧುವನ್ನು ಮಣೆಯ ಮೇಲೆ ಕೂರಿಸಿ ಬಂಧುಬಳಗದವರೆಲ್ಲ ತಲೆಗೆ ಎಣ್ಣೆ ಹಚ್ಚಿ, ಮೈಗೆ ತೆಂಗಿನಹಾಲು ಸುರಿಯುತ್ತಾರೆ. ಪಾರ್ಕ್‌ಲ್ಯಾಂಡ್ಸಿನ ನಮ್ಮ ಫ್ಲ್ಯಾಟುಗಳ ಅಂಗಳದಲ್ಲಿ ಹಾಡಹಗಲೇ ಸಡಗರ ಶುರುವಾಯಿತು. ರೀನಾಳ ತಾಯಿ ಲವೀನಾ ಆಂಟಿ ದೊಡ್ಡ ಪಾತ್ರೆಯ ತುಂಬ ಹಾಲು ಹಿಂಡಿಟ್ಟಿದ್ದರು. ಹಚ್ಚಲು ನಿಂತವರು ಅಳತೆ ನೋಡಲಿಲ್ಲ. ರೀನಾ ಇಡ್ಲಿ ಹಿಟ್ಟಿನಲ್ಲಿ ಮುಳುಗೆದ್ದವಳಂತೆ ಕಾಣುತ್ತಿದ್ದಳು.

ಬೆರಳಿಗೆ ಬಿಗಿಯಾಗಿದೆಯೆಂದು ಆಕೆ ನಿಶ್ಚಿತಾರ್ಥದ ಉಂಗುರವನ್ನು ತೆಗೆದಿಡದೆ ಹಾಗೆಯೇ ಕುಳಿತಿದ್ದಳು. ಎಣ್ಣೆಗೂ ಹಾಲಿಗೂ ಬಿಗಿಯೆಂಬುದೇ ಇಲ್ಲ. ಉಂಗುರ ಜಾರಿತು, ಹಾಲಿನ ಜೊತೆಗೇ ಹರಿಯಿತು, ಅಂಗಳದ ಮೂಲೆಯ ಮೋರಿಯ ಜಾಲರಿಯ ಸಂದಿಯಿಂದ ಕೆಳಗಿನ ಗುಂಡಿಗೆ ಇಳಿದುಹೋಯಿತು.

“ಅಯ್ಯೋ ಸಾಯ್ಬಾ!” ಎಂದು ದೇವರನ್ನು ಕರೆಯುತ್ತ ಲವೀನಾ ಆಂಟಿ ಎದೆ ಹಿಡಿದುಕೊಂಡರು. “ಅದು ಹುಡುಗನ ಅಜ್ಜಿಯ ಉಂಗುರ! ನಾಳೆ ಇಗರ್ಜಿಯಲ್ಲಿ ಅವನ ತಾಯಿ ಮೊದಲು ನೋಡುವುದೇ ಆ ಬೆರಳನ್ನು!”

ರೀನಾ ಅಳತೊಡಗಿದಳು. ತೆಂಗಿನಹಾಲಿನ ನಡುವೆ ಕಣ್ಣೀರು ಯಾವುದೆಂದು ಗುರುತಿಸುವಂತಿರಲಿಲ್ಲ.

ಹಿಲರಿ ಅಂಕಲ್ ಜಾಲರಿಯನ್ನು ಎತ್ತಿ, ಫೋನಿನ ದೀಪ ಹಚ್ಚಿ ಬಗ್ಗಿ ನೋಡಿದರು. ಅವರ ಕೈಯೂ ಹಾಲುಮಯವಾಗಿತ್ತು. ಫೋನು ಮೀನಿನಂತೆ ಜಿಗಿದು ಗುಂಡಿಗೆ ಬಿತ್ತು. ಬಿಳಿಯ ನೀರಿನಡಿಯಲ್ಲಿ ಕ್ಷಣಕಾಲ ಹುಣ್ಣಿಮೆಯ ಚಂದ್ರನಂತೆ ಬೆಳಗಿ, ಆರಿತು. ಅಷ್ಟು ಹತ್ತಿರದಿಂದ ಬೆಳಗಿದರೂ ಉಂಗುರ ಕಾಣಲಿಲ್ಲವೆಂಬುದನ್ನು ಅಲ್ಲಿದ್ದ ಯಾವ ವಿವೇಕಿಯೂ ಗಮನಿಸಬಹುದಾಗಿತ್ತು. ನಾನೂ ಅಲ್ಲಿದ್ದೆ. ಗಮನಿಸಲಿಲ್ಲ. ಉಳಿದವರೆಲ್ಲ ತಮ್ಮ ತಮ್ಮ ಫೋನುಗಳನ್ನು ಜೇಬಿನ ಆಳಕ್ಕೆ ಇಳಿಸಿಕೊಂಡರು.

“ಫೋನು ಹೋದ್ರೆ ಹೋಯ್ತು,” ಎನ್ನುತ್ತ ಅಂಕಲ್ ತೋಳು ಮಡಚಿದರು. “ತೋಳುದ್ದದ ಗುಂಡಿ ಅಷ್ಟೆ. ಕೈ ಹಾಕಿದ್ರೆ ಸಿಗ್ತದೆ.”

“ನಿಲ್ಲಿ!” ಎಂದು ನಾನು ಗರ್ಜಿಸಿದೆ.

ಅಂಕಲ್ ಕೈಯನ್ನು ಗುಂಡಿಯ ಮೇಲೆಯೇ ನಿಲ್ಲಿಸಿ ನನ್ನತ್ತ ತಿರುಗಿದರು.

“ಅಂಕಲ್, ಮನುಷ್ಯನಾದವನು ಮೋರಿಗೆ ಕೈಹಾಕುವಂತಹ ಸ್ಥಿತಿಯನ್ನು ನಾವು ಒಪ್ಪಿಕೊಳ್ಳಬಾರದು. ಇದು ಮಾನವ ಘನತೆಯ ಪ್ರಶ್ನೆ!”

“ನನ್ನದೇ ಮಗಳು, ನನ್ನದೇ ಕೈ, ನಮ್ಮದೇ ತೆಂಗಿನಹಾಲು. ಇದರಲ್ಲಿ ಘನತೆ ಎಂತದ್ದು ಮಾರಾಯ್ರೆ?”

“ಹೀಗೆಯೇ ಅನ್ಯಾಯವು ಸಹಜವೆನಿಸಿಬಿಡುತ್ತದೆ,” ಎಂದು ಹೇಳಿ ಮನೆಗೆ ಓಡಿದೆ.

ಟಾರ್ಚಿನೊಂದಿಗೆ ಮರಳಿ ಬಂದಾಗ ಜನ ನನಗೆ ದಾರಿ ಬಿಟ್ಟರು. ನೆರೆದವರ ಕಣ್ಣುಗಳಲ್ಲಿ ಭರವಸೆಯಿತ್ತು. ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಟಾರ್ಚಿನ ಸ್ವಿಚ್ಚು ಒತ್ತಿದೆ. ಬೆಳಕಿಲ್ಲ. ಅಲ್ಲಾಡಿಸಿದೆ. ಒಳಗೆ ಏನೋ ಕಟಕಟ ಎಂದಿತು.

“ಒಳಗೆ ಎಂತ ಉಂಟು? ಮಕ್ಕಳ ಗಿಲಕಿಯಾ?” ಎಂದರು ಲವೀನಾ ಆಂಟಿ.

“ಅದು ಭದ್ರತೆಯ ಸದ್ದು ಆಂಟಿ. ಮೂರು ಬದಲಿ ಬಲ್ಬುಗಳಿವೆ.”

“ಇರುವ ಬಲ್ಬು ಹತ್ತಲಿ ಮೊದಲು!”

ಹತ್ತಿ ಅಡ್ಡ ಬಂದು ಸ್ಪ್ರಿಂಗಿಗೂ ಮುಚ್ಚಳಕ್ಕೂ ಸಂಪರ್ಕ ತಪ್ಪಿತ್ತೆಂಬುದು ನನಗಾಗ ಹೊಳೆಯಲಿಲ್ಲ. ಮುಚ್ಚಳವನ್ನು ಅಂಗೈಯಿಂದ ಬಲವಾಗಿ ಗುದ್ದಿದೆ. ಹತ್ತಿತು! ಅಂದರೆ, ಆ ಬಿಸಿಲಿನಲ್ಲಿ ಹತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅಂಗೈ ಅಡ್ಡ ಹಿಡಿದು ಇಣುಕಬೇಕಾಯಿತು. ಇಬ್ಬರು ಇಣುಕಿ ದೃಢಪಡಿಸಿದರು. ಸಣ್ಣಗೆ ಚಪ್ಪಾಳೆಯೂ ಬಿತ್ತು. ನಾನು ಗಂಭೀರವಾಗಿ ಬೆಳಕನ್ನು ಗುಂಡಿಯ ಕಡೆಗೆ ತಿರುಗಿಸಿದೆ.

ಬಿಳಿ. ಎಲ್ಲೆಲ್ಲೂ ಬಿಳಿ.

“ಅದು ತೆಂಗಿನಹಾಲು ಮಧು, ಕಿಟಕಿ ಅಲ್ಲ,” ಎಂದಳು ಹಿಂದೆ ನಿಂತಿದ್ದ ಸುಧಾ.

ಬೆಳಕು ಸಾಲದೆಂದು ಭಾವಿಸಿ ಟಾರ್ಚನ್ನು ಇನ್ನೊಮ್ಮೆ ಗುದ್ದಿದೆ. ‘ಟಿಕ್’ ಎಂದಿತು. ಬಲ್ಬು ಸುಟ್ಟುಹೋಯಿತು.

ಇತರರಾಗಿದ್ದರೆ ಇಲ್ಲಿ ಎದೆಗುಂದುತ್ತಿದ್ದರು. ನನಗೆ ರೋಮಾಂಚನವಾಯಿತು! ನನ್ನ ತತ್ವವು ಕಾಯುತ್ತಿದ್ದ ಕ್ಷಣವೇ ಇದು. “ಮುಚ್ಚಿದ ಟಾರ್ಚಾಗಿದ್ದರೆ ಈಗ ಎಸೆಯಬೇಕಾಗಿತ್ತು,” ಎಂದು ಸಭೆಗೆ ತಿಳಿಯಪಡಿಸಿ, “ಇಲ್ಲಿ ನೋಡಿ, ಪರ್ಯಾಯ!” ಎನ್ನುತ್ತ ಮುಚ್ಚಳವನ್ನು ತಿರುಗಿಸಿದೆ.

ಒಂದೇ ಸುತ್ತಿನ ಮೇಲೆ ನಿಂತಿದ್ದ ಮುಚ್ಚಳ. ಹಿಂದಿನಿಂದ ಒತ್ತಿಹಿಡಿದ ಸ್ಪ್ರಿಂಗು. ಮುಚ್ಚಳ ನನ್ನ ಗಲ್ಲಕ್ಕೆ ಬಡಿದು ಗುಂಡಿಗೆ ಬಿತ್ತು. ಅದರ ಹಿಂದೆ ಸ್ಪ್ರಿಂಗು ಹಾರಿತು. ಹತ್ತಿಯ ಉಂಡೆ ಮೋಡದಂತೆ ತೇಲಿ ಇಳಿಯಿತು. ಸೆಲ್ಲುಗಳು ಒಂದರ ಹಿಂದೊಂದು ‘ಡುಬುಕ್, ಡುಬುಕ್’ ಎಂದವು. ಬಲ್ಬುಗಳಲ್ಲಿ ಎರಡು ಗುಂಡಿಯ ಅಂಚಿನ ಸಿಮೆಂಟಿಗೆ ತಗುಲಿ ಚೂರುಚೂರಾದವು. ಚೂರುಗಳೆಲ್ಲ ಒಳಗೇ ಬಿದ್ದವು. ಮೂರನೆಯದು ಇಡಿಯಾಗಿಯೇ ಮುಳುಗಿತು. ನನ್ನ ಕೈಯಲ್ಲಿ ಉಳಿದದ್ದು ಒಂದು ಉಕ್ಕಿನ ಕೊಳವೆ.

ಗುಂಡಿಯತ್ತ ಚಾಚಿದ್ದ ಕೈಯನ್ನು ಹಿಲರಿ ಅಂಕಲ್ ಮೆಲ್ಲಗೆ ಹಿಂತೆಗೆದುಕೊಂಡರು. “ಈಗ ಗಾಜು ಉಂಟು. ಯಾರೂ ಕೈ ಹಾಕುವ ಹಾಗಿಲ್ಲ.”

“ನೀವು ಗೆದ್ರಿ ಬಿಡ್ರೀ,” ಎಂದಳು ಸುಧಾ. “ಮಾನವ ಘನತೆ ಉಳೀತು.”

‘ರೀ’ ಬಂದಿತ್ತು. ಪರಿಸ್ಥಿತಿಯ ಗಾಂಭೀರ್ಯ ನನಗೆ ಮನವರಿಕೆಯಾಯಿತು. ಗೇಟಿನ ಕಾವಲುಗಾರ ಕಮಾವು ಬಂದು ಗುಂಡಿಯನ್ನು ನೋಡಿ, ಅಳುತ್ತಿದ್ದ ವಧುವನ್ನು ನೋಡಿ, ಕೊನೆಗೆ ನನ್ನ ಭುಜ ಮುಟ್ಟಿ “ಪೋಲೆ ಸಾನಾ” ಎಂದ. ಆತ ಸಂತಾಪ ಸೂಚಿಸಿದ್ದು ರೀನಾಳಿಗಲ್ಲ, ನನಗೆ!

ಲವೀನಾ ಆಂಟಿ ಸೆರಗು ಬಿಗಿದರು. “ಸಾಕು ಭಾಷಣ. ಹಾಲು ಸೋಸಿದ ಬಟ್ಟೆ ತನ್ನಿ. ಗುಂಡಿಯನ್ನೇ ಸೋಸುವ!”

ಹೀಗೆ, ಬೆಳಿಗ್ಗೆ ತೆಂಗಿನಹಾಲು ಸೋಸಿದ ಬಟ್ಟೆಯನ್ನು ಬಕೆಟ್ಟಿನ ಬಾಯಿಗೆ ಕಟ್ಟಿ, ಅದೇ ಹಾಲನ್ನು ಎರಡನೆಯ ಬಾರಿ ಸೋಸುವ ಕಾರ್ಯ ಆರಂಭವಾಯಿತು. ಬಂಧುಗಳು ಸಾಲಾಗಿ ನಿಂತು ಚೊಂಬುಗಳಿಂದ ಮೊಗೆದರು. ಬಟ್ಟೆಯ ಮೇಲೆ ಬಂದದ್ದನ್ನು ವಿಂಗಡಿಸುವ ಹೊಣೆಯನ್ನು ನಾನು ಸ್ವಯಂಪ್ರೇರಣೆಯಿಂದ ವಹಿಸಿಕೊಂಡೆ. ಕಸ ವಿಂಗಡಣೆಯ ಬಗ್ಗೆ ಈ ಫ್ಲ್ಯಾಟುಗಳಲ್ಲಿ ನನ್ನಷ್ಟು ಮಾತನಾಡಿದವರು ಬೇರಿಲ್ಲ. ಗಾಜಿನ ಚೂರು ಒಂದು ಕಡೆ, ಲೋಹ ಒಂದು ಕಡೆ, ಸೆಲ್ಲುಗಳು ಅಪಾಯಕಾರಿಯಾದ್ದರಿಂದ ಪ್ರತ್ಯೇಕ. ಹಾಲು ಕುಡಿದು ಮುದ್ದೆಯಾಗಿದ್ದ ಹತ್ತಿ ಸಂಪೂರ್ಣ ಸಾವಯವವಾದ್ದರಿಂದ ಹಿತ್ತಲಿನ ಕಾಂಪೋಸ್ಟ್ ತೊಟ್ಟಿಗೆ ನಾನೇ ಒಯ್ದು ಹಾಕಿ, ಮೇಲೆ ಒಣ ಎಲೆಯನ್ನೂ ಮುಚ್ಚಿ ಬಂದೆ.

ಫೋನು ಬಂತು. ಮುಚ್ಚಳ ಬಂತು. ಇಡಿಯಾಗಿದ್ದ ಬಲ್ಬು ಬಂತು. ಹಿಲರಿ ಅಂಕಲ್ ಅದನ್ನು ಒರೆಸಿ, ನನ್ನ ಕೊಳವೆಯ ಬಾಯಿಗೆ ಹಿಡಿದು ನೋಡಿದರು.

“ಇದು ತಿರುಪಿನ ಬಲ್ಬು. ನಿಮ್ಮ ಟಾರ್ಚಿಗೆ ಕೂರುವುದೇ ಇಲ್ಲ ಮಾರಾಯ್ರೆ. ಉಳಿದ ಎರಡೂ ಇದೇ ಡಬ್ಬಿಯದ್ದು.”

ಅಂದರೆ ಇಷ್ಟು ಕಾಲ ನಾನು ಜೋಪಾನ ಮಾಡಿದ್ದ ಭವಿಷ್ಯವು ಬೇರೆ ಯಾರದೋ ಟಾರ್ಚಿನದಾಗಿತ್ತು!

ಗುಂಡಿಯ ತಳ ಕಂಡಿತು. ಅಲ್ಲಿ ಒದ್ದೆ ಸಿಮೆಂಟಿನ ಹೊರತು ಏನೂ ಇರಲಿಲ್ಲ. ಉಂಗುರವಿಲ್ಲ! ರೀನಾ ಮಣೆಯಿಂದ ಎದ್ದು, “ನಂಗೆ ಮದುವೆಯೇ ಬೇಡ, ಆ ಅತ್ತೆಗೆ ಎಂತ ಹೇಳುವುದು ನಾನು?” ಎಂದು ಗೋಳಾಡಿದಳು. ಲವೀನಾ ಆಂಟಿ ಜಪಮಾಲೆ ತೆಗೆದರು. ಉಂಗುರವು ಕೊಳವೆಯ ಮೂಲಕ ನಗರದ ಚರಂಡಿ ಸೇರಿರಬಹುದೆಂದೂ, ನಗರದ ಚರಂಡಿ ವ್ಯವಸ್ಥೆಯಲ್ಲಿ ಸಾಕಷ್ಟು ಲೋಪಗಳಿವೆಯೆಂದೂ ನಾನು ವಿವರಿಸಲು ತೊಡಗಿದೆ.

ಸುಧಾ ನನ್ನ ಮಾತನ್ನು ಅರ್ಧಕ್ಕೇ ತಡೆದಳು. “ಒಂದ್ನಿಮಿಷ. ಟಾರ್ಚಿಂದ ಏನೇನು ಬಿತ್ತು, ಹೇಳ್ರೀ.”

“ಮುಚ್ಚಳ, ಸ್ಪ್ರಿಂಗು, ಸೆಲ್ಲುಗಳು, ಬಲ್ಬುಗಳು, ಹತ್ತಿ.”

“ಸ್ಪ್ರಿಂಗ್ ಎಲ್ಲಿ?”

ಲೋಹದ ರಾಶಿಯಲ್ಲಿ ಸ್ಪ್ರಿಂಗು ಇರಲಿಲ್ಲ.

“ಹತ್ತಿ ಎಲ್ಲಿ?”

“ಕಾಂಪೋಸ್ಟಿನಲ್ಲಿ. ಅದು ಸಾವಯವ…”

ಸುಧಾ ಆಗಲೇ ಹಿತ್ತಲಿಗೆ ನಡೆದಿದ್ದಳು. ಹಿಂದೆಯೇ ಇಡೀ ಮದುವೆ ಮನೆ ಓಡಿತು. ಆಕೆ ತೊಟ್ಟಿಯಲ್ಲಿ ಕೈಯಾಡಿಸಿ, ಬಾಳೆಹಣ್ಣಿನ ಸಿಪ್ಪೆಗಳ ನಡುವಿನಿಂದ ಹತ್ತಿಯ ಮುದ್ದೆಯನ್ನು ತೆಗೆದು ಬಿಡಿಸಿದಳು. ಒಳಗೆ ಸ್ಪ್ರಿಂಗು. ಸ್ಪ್ರಿಂಗಿನ ಸುತ್ತಿಗೆ ಸಿಕ್ಕಿಕೊಂಡು ಉಂಗುರ!

ಹತ್ತಿಯ ಮುದ್ದೆ ತಳಕ್ಕಿಳಿದು ಸ್ಪ್ರಿಂಗನ್ನೂ ಉಂಗುರವನ್ನೂ ಒಟ್ಟಿಗೆ ಅಪ್ಪಿಕೊಂಡಿತ್ತು. ಅಂದರೆ ಪ್ರಾಮಾಣಿಕವಾಗಿ ಹೇಳುವುದಾದರೆ ಉಂಗುರವನ್ನು ಹುಡುಕಿದ್ದು ನನ್ನ ಟಾರ್ಚೇ. ಈ ಅಂಶವನ್ನು ನಾನು ಸಭೆಯ ಗಮನಕ್ಕೆ ತಂದೆ.

“ಅಪ್ಪಾ, ಪ್ಲೀಸ್. ಜಸ್ಟ್ ಸ್ಟಾಪ್,” ಎಂದಳು ಇಳಾ.

ಮರುದಿನ ಮದುವೆ ಸಾಂಗವಾಗಿ ನೆರವೇರಿತು. ವರನ ತಾಯಿ ಮೊದಲು ಆ ಬೆರಳನ್ನೇ ನೋಡಿ ನಕ್ಕರು. ಉಂಗುರ ಎಂದೂ ಇಲ್ಲದ ಹೊಳಪಿನಿಂದಿದೆಯೆಂದು ಮೆಚ್ಚಿಕೊಂಡರಂತೆ. ಲವೀನಾ ಆಂಟಿ ಅದಕ್ಕೆ ಕಾರಣವನ್ನು ಹೇಳಲಿಲ್ಲ.

ಇಗರ್ಜಿಯ ಮೆಟ್ಟಿಲುಗಳ ಮೇಲೆ ಎರಡೂ ಕುಟುಂಬಗಳ ಚಿತ್ರ ತೆಗೆಯುವ ಹೊತ್ತಿಗೆ ಮೋಡ ಕವಿಯಿತು. ಛಾಯಾಗ್ರಾಹಕನ ಸಹಾಯಕ ಊಟಕ್ಕೆ ಹೋಗಿದ್ದ. ಛಾಯಾಗ್ರಾಹಕ ಒಂದು ದೊಡ್ಡ ದೀಪವನ್ನು ಎತ್ತಿ ಹಿಡಿದು, ಒಂದು ನಿಮಿಷ ಇದನ್ನು ಯಾರಾದರೂ ಹಿಡಿದುಕೊಳ್ಳಿ ಎಂದು ಸುತ್ತಲೂ ನೋಡಿದ. ಯಾರೂ ಕದಲಲಿಲ್ಲ. ಸಾರ್ವಜನಿಕ ಹೊಣೆಗಾರಿಕೆಯ ಈ ಅಭಾವ ನನ್ನನ್ನು ನೋಯಿಸಿತು. ನಾನು ಮುಂದೆ ಬಂದು ದೀಪವನ್ನು ತೆಗೆದುಕೊಂಡೆ. ಅದರ ಹಿಂಬದಿಯಲ್ಲೊಂದು ಮುಚ್ಚಳವಿತ್ತು. ಸಹಜವಾದ ಕುತೂಹಲದಿಂದ ಅದರ ಮೇಲೆ ಕೈಯಿಟ್ಟೆ.

“ಮೋಜಾ, ಬಿಲಿ…” ಎಂದು ಛಾಯಾಗ್ರಾಹಕ ಎಣಿಸುತ್ತಿದ್ದ.

“ಬೇಡ!” ಎಂದು ವಧು, ಆಕೆಯಿಂದ ಆಗಲೇ ಎಲ್ಲ ಕೇಳಿದ್ದ ವರ, ಹಿಲರಿ ಅಂಕಲ್, ಲವೀನಾ ಆಂಟಿ, ಉಳಿದ ಬಂಧುಗಳು ಏಕಕಂಠದಿಂದ ಕೂಗಿದರು.

‘ಮೂರು’ ಎನ್ನುವ ಮೊದಲೇ ಕ್ಯಾಮೆರಾ ಕ್ಲಿಕ್ಕೆಂದಿತ್ತು. ಆ ಚಿತ್ರ ಈಗ ಹಿಲರಿ ಅಂಕಲ್ ಅವರ ಮನೆಯ ಹಜಾರದಲ್ಲಿದೆ. ಎಲ್ಲರ ಬಾಯಿಯೂ ತೆರೆದಿದೆ. ವಧು ಉಂಗುರದ ಬೆರಳನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಮುಚ್ಚಿಕೊಂಡಿದ್ದಾಳೆ. ಬಂದವರೆಲ್ಲ ಇವರೇನು ಹಾಡುತ್ತಿದ್ದಾರೆಯೇ ಎಂದು ಕೇಳುತ್ತಾರಂತೆ. ಚಿತ್ರದಲ್ಲಿ ನಾನಿಲ್ಲ. ಆದರೆ ಬೆಳಕು ಮಾತ್ರ ಬಹಳ ಚೆನ್ನಾಗಿ ಬಿದ್ದಿದೆ. ಸುಧಾ ಹೇಳುವಂತೆ, ಆ ಹೊತ್ತಿಗೆ ಸೂರ್ಯ ಹೊರಗೆ ಬಂದಿದ್ದ. ನಾನು ಹಿಡಿದಿದ್ದ ದೀಪ ಹತ್ತಿರಲೇ ಇಲ್ಲವಂತೆ.