ಶಶಿಧರನ ಮೂರು ‘ಊಂ’

ಶಶಿಧರನಿಗೆ ಒಂದು ದಿವ್ಯಶಕ್ತಿಯಿತ್ತು. ಹೆಂಡತಿ ಮಾತಾಡುತ್ತಿರುವಾಗ ಸರಿಯಾದ ಜಾಗದಲ್ಲಿ ‘ಊಂ’ ಅನ್ನುತ್ತಲೇ ಅವನು ಸಮುದ್ರವೋ ಹಿಮಪರ್ವತವೋ ಮನಸ್ಸಿಗೆ ಬಂದಲ್ಲಿಗೆ ಹೋಗಿ, ಕಾಫಿ ಆರುವುದರೊಳಗೆ ವಾಪಸಾಗಬಲ್ಲವನಾಗಿದ್ದ. ಮಳವಳ್ಳಿಯ ಕಚೇರಿಯೊಂದರಲ್ಲಿ ಹದಿನೈದು ವರ್ಷ ಗುಮಾಸ್ತನಾಗಿ ಬಾಳಿದ್ದೇ ಈ ಶಕ್ತಿಯ ಬಲದಿಂದ. ಹೆಂಡತಿ ರೂಪ ಮಾತ್ರ ಇದನ್ನು ಶಕ್ತಿಯೆಂದು ಒಪ್ಪಿರಲಿಲ್ಲ. “ಗ್ಯಾಸ್ ಬುಕ್ ಮಾಡುದ್ರಾ?” ಅಂದರೆ ‘ಊಂ’. (ಮಾಡಿರುವುದಿಲ್ಲ.) “ಬಾಗ್ಲು ಆಕುದ್ರಾ?” ಅಂದರೆ ‘ಊಂ’. (ಬೆಕ್ಕು ಹಾಲು ಕುಡಿದು ಹೋಗಿರುತ್ತದೆ.)

ಆ ಶನಿವಾರ ಇಬ್ಬರೂ ಮಂಡ್ಯದ ಬಸ್ಸು ಹತ್ತಿದ್ದು ಬಟ್ಟೆ ಒಗೆಯುವ ಮಿಷನ್ ಕೊಳ್ಳಲು. ರೂಪ ಆರು ವರ್ಷದಿಂದ ಕೇಳುತ್ತಿದ್ದ ಮಿಷನ್ನು ಅದು. ಮೂವತ್ತು ಸಾವಿರದವರೆಗೆ ಖರ್ಚು ಮಾಡಬಹುದಾಗಿದ್ದ ಶಶಿಧರನ ಕ್ರೆಡಿಟ್ ಕಾರ್ಡು ಅವಳ ಬ್ಯಾಗಿನ ಒಳಖಾನೆಯಲ್ಲಿ, ಕುಂಕುಮದ ಪೊಟ್ಟಣದ ಪಕ್ಕದಲ್ಲಿ ಭದ್ರವಾಗಿತ್ತು. ಶಶಿಧರ ಕಿಟಕಿಯ ಪಕ್ಕ ಕೂತಿದ್ದ. ನಾಲೆಯ ನೀರು ಬಸ್ಸಿನ ಜೊತೆಜೊತೆಗೇ ಹರಿಯುತ್ತಿತ್ತು. ನಾಟಿ ಮಾಡಿದ ಗದ್ದೆಗಳೊಳಗೆ ಮೋಡಗಳು ತಲೆಕೆಳಗಾಗಿ ತೇಲುತ್ತಿದ್ದವು. ಅವನು ಆಗಲೇ ಹೋಗಿಯಾಗಿತ್ತು.

ಆಗ ಫೋನು ಟಿಣ್ ಅಂದಿತು. ಕಾರ್ಡಿನಲ್ಲಿ ಆನ್‌ಲೈನ್ ಖರೀದಿ! ಒಟಿಪಿಯನ್ನೂ ಕೇಳದ ಯಾವುದೋ ದೇಶದ ಡೇರೆ ಅಂಗಡಿ. ಮತ್ತೆ ಟಿಣ್. ದುರ್ಬೀನಿನ ಅಂಗಡಿ. ಮತ್ತೊಮ್ಮೆ ಟಿಣ್. ದೋಣಿ ಅಂಗಡಿ. ಬೇರೆ ಯಾರಾದರೂ ಆಗಿದ್ದರೆ ಎದೆ ಎದೆ ಬಡಿದುಕೊಳ್ಳುತ್ತಿದ್ದರು. ಶಶಿಧರನಿಗೆ ಕಳ್ಳನ ಅಭಿರುಚಿಯ ಮೇಲೆ ಗೌರವ ಹುಟ್ಟಿತು. ಸರೋವರದ ದಡದಲ್ಲಿ ಡೇರೆ, ಡೇರೆಯ ಮುಂದೆ ದೋಣಿ, ದೋಣಿಯಲ್ಲಿ ಅಂಗಾತ ಮಲಗಿ ದುರ್ಬೀನಿನಲ್ಲಿ ಚುಕ್ಕಿ ನೋಡುತ್ತಿರುವ ಮಹಾನುಭಾವ! ತಾನಲ್ಲದಿದ್ದರೂ ತನ್ನ ಕಾರ್ಡಾದರೂ ಲೋಕ ನೋಡಿತಲ್ಲ ಎಂದು ಅವನ ಕಣ್ಣು ತುಂಬಿಬಂತು.

“ಯಾಕ್ರೀ ಅಳ್ತಾ ಇದ್ದೀರಾ?” ರೂಪ ಫೋನು ಕಿತ್ತುಕೊಂಡು ನೋಡಿದಳು. “ಅಯ್ಯೋ, ಇಪ್ಪತ್ತೆಂಟು ಸಾವ್ರ ಓಯ್ತಲ್ರೀ!”

“ದೋಣಿ ತಕಂಡವ್ನೆ ಕಣೆ...”

“ಕಳ್ಳನ್ನ ಒಗಳ್ತಾ ಕೂತ್ಕಳಿ ನೀವು! ಬ್ಯಾಂಕಿಗೆ ಫೋನ್ ಮಾಡ್ರೀ ಮೊದ್ಲು!”

ಮಿಕ್ಕ ಎರಡು ಸಾವಿರಕ್ಕೆ ಮಿಷನ್ನಿನ ಮುಚ್ಚಳವೂ ಬರುತ್ತಿರಲಿಲ್ಲ. ಬಸ್ಸಿನಲ್ಲೇ ಫೋನು ಮಾಡಿ ಕಾರ್ಡು ನಿಲ್ಲಿಸಿ, ದೂರು ಕೊಟ್ಟದ್ದಾಯಿತು. ನಾವೇ ಕರೆ ಮಾಡಿ ವಿಚಾರಿಸುತ್ತೇವೆ, ಖರೀದಿ ನಿಮ್ಮದಲ್ಲವೆಂದರೆ ನೀವು ಕಟ್ಟಬೇಕಿಲ್ಲ ಎಂದರು ಬ್ಯಾಂಕಿನವರು. ರೂಪ ಬರಿಗೈಯಲ್ಲಿ ಮರಳಿ ಬಂದು ರಾಶಿ ಬಟ್ಟೆ ನೆನೆಹಾಕಿದಳು.

ಬ್ಯಾಂಕಿನ ಕರೆ ಬಂದದ್ದು ಮುಂದಿನ ಭಾನುವಾರ ಮಧ್ಯಾಹ್ನ. ಮುದ್ದೆ ಬಸ್ಸಾರು ಉಂಡು ಶಶಿಧರ ತಾರಸಿಯ ಮೇಲೆ, ಒಣಹಾಕಿದ ಸೀರೆಗಳ ನೆರಳಿನಲ್ಲಿ ಚಾಪೆ ಹಾಸಿ ಮಲಗಿದ್ದ. ಗಾಳಿಗೆ ಸೀರೆಗಳು ಹಡಗಿನ ಹಾಯಿಯ ಹಾಗೆ ಉಬ್ಬುತ್ತಿದ್ದವು. ಫೋನಿನೊಳಗಿಂದ ಹೆಣ್ಣಿನ ಮೆಲುದನಿಯೊಂದು ಕಥೆ ಹೇಳತೊಡಗಿತು. “ಸರ್, ಏಳನೇ ತಾರೀಖು ಒಂದು ಡೇರೆ ಖರೀದಿಯಾಗಿದೆ. ನೀವೇ ಕೊಂಡಿದ್ದಾ?”

ಕಥೆ ಕೇಳುವವರು ಏನು ಮಾಡಬೇಕು? ಹೂಂಗುಟ್ಟಬೇಕು. ಅಜ್ಜಿ ಕಲಿಸಿದ ಶಿಷ್ಟಾಚಾರ ಅದು. “ಊಂ,” ಅಂದ ಶಶಿಧರ. ದುರ್ಬೀನು? “ಊಂ.” ದೋಣಿ? “ಊಂಂಂ...” ಆ ಮೂರನೆಯದನ್ನು ಅನ್ನುವಾಗ ಅವನು ದೋಣಿಯಲ್ಲೇ ಇದ್ದ.

ಮೂರು ದಿನಕ್ಕೆ ಸಂದೇಶ ಬಂತು. ಖರೀದಿಗಳನ್ನು ಗ್ರಾಹಕರೇ ಒಪ್ಪಿಕೊಂಡಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.

ರೂಪ ಗಂಡನನ್ನು ದರದರ ಎಳೆದುಕೊಂಡೇ ಬ್ಯಾಂಕಿಗೆ ಹೋದಳು. ಮ್ಯಾನೇಜರ್ ಸಂಪತ್ ಕುಮಾರ ಸಾವಧಾನದ ಮನುಷ್ಯರು. ಫೋನಿನ ಧ್ವನಿಮುದ್ರಣ ತರಿಸಿ ಹಾಕಿದರು. ಕ್ಯೂನಲ್ಲಿ ನಿಂತಿದ್ದವರಿಗೆಲ್ಲ ಮೂರು ಊಂ ಕೇಳಿಸಿತು.

“ಏನು ಮಾಡಲಮ್ಮ? ನಿಮ್ಮ ಯಜಮಾನರೇ ಒಪ್ಪಿಕೊಂಡಿದ್ದಾರಲ್ಲ.”

“ಒಪ್ಕಂಡಿಲ್ಲ ಸಾರ್. ಇದು ಒಪ್ಕಳೋ ಊಂ ಅಲ್ಲ, ಎಲ್ಲೋ ಓಗಿರೋ ಊಂ. ಅದ್ನಾಕು ವರ್ಸದಿಂದ ಕೇಳ್ತಾ ಇವ್ನಿ, ನಂಗೊತ್ತಿಲ್ವಾ?”

“ಅದಕ್ಕೇನು ಪುರಾವೆ?”

ರೂಪ ಗಂಡನ ಕಡೆ ತಿರುಗಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಕಡಲತೀರದ ಚಿತ್ರವಿತ್ತು. ಶಶಿಧರನ ಕಣ್ಣು ಅಲ್ಲೇ ನೆಟ್ಟಿತ್ತು.

“ರೀ, ನಾವು ಇಲ್ಲಿಗೆ ಆನೆ ಮೇಲೆ ಬಂದ್ವಿ ಅಲ್ವಾ?”

“ಊಂ.”

“ಈ ಮ್ಯಾನೇಜರ್ ಸಾರ್ನ ಒಂಬತ್ತು ತಿಂಗ್ಳು ಒತ್ತು ಎತ್ತಿದ್ದು ನೀವೇ ಅಲ್ವಾ?” (ಹೊತ್ತು ಹೆತ್ತದ್ದು ಎಂದು ಓದಿಕೊಳ್ಳಬೇಕು.)

“ಊಂ.”

ಕ್ಯೂ ಗೊಳ್ಳೆಂದಿತು. ಸಂಪತ್ ಕುಮಾರರು ನಗಲಿಲ್ಲ. (ಅವರೂ ಮನೆಯಲ್ಲಿ ಗಂಡನೇ.) ಗಂಭೀರವಾಗಿ ಪೆನ್ನು ತೆಗೆದು, ‘ಗ್ರಾಹಕರ ಊಂಕಾರವು ಸಮ್ಮತಿಸೂಚಕವಲ್ಲ’ ಎಂದು ಬರೆದು ಶಶಿಧರನಿಂದ ಸಹಿ ಮಾಡಿಸಿದರು. ಸಾಕ್ಷಿಯ ಜಾಗದಲ್ಲಿ ರೂಪ ಸಹಿ ಹಾಕಿದಳು.

ದೂರಿಗೆ ಮರುಜೀವ ಬಂತು. ತಿಂಗಳೊಳಗೆ ಇಪ್ಪತ್ತೆಂಟು ಸಾವಿರ ಕಾರ್ಡಿನ ಬಿಲ್ಲಿನಿಂದ ವಜಾ ಆಯಿತು, ಹೊಸ ಕಾರ್ಡು ಬಂತು, ಅದರ ಬೆನ್ನಿಗೇ ಮಿಷನ್ನೂ ಬಂತು. ಅದರ ಗಾಜಿನ ಬಾಗಿಲ ಹಿಂದೆ ನೀಲಿ ನೀರು ನೊರೆ ಎಬ್ಬಿಸುತ್ತ ಸುತ್ತತೊಡಗಿದಾಗ ಶಶಿಧರ ಮಣೆ ಹಾಕಿಕೊಂಡು ಎದುರಿಗೇ ಕೂತ. ಎಂಥಾ ಅಲೆ! ಎಂಥಾ ಸದ್ದು! ಅವನಿಗೆ ನಿಜವಾಗಿಯೂ ಸುಖವಾಯಿತು.

“ರೀ, ಇನ್ಮೇಲೆ ಬಟ್ಟೆ ಆಕೋದು, ಒಣಗಾಕೋದು, ಮಡ್ಚೋದು ಎಲ್ಲಾ ನೀವೇ ಅಲ್ವಾ?” ಹಿಂದಿನಿಂದ ರೂಪ ಮೆಲ್ಲಗೆ ಕೇಳಿದಳು.

“ಊಂ.”

ಮಿಷನ್ನು ನಿಂತು, ಒದ್ದೆ ಬಟ್ಟೆಯ ಬುಟ್ಟಿ ತೊಡೆಯ ಮೇಲೆ ಬಂದು ಕೂತಾಗಲೇ ಅವನು ಊರಿಗೆ ವಾಪಸಾದದ್ದು. “ಲೇ, ಅದು ಎಲ್ಲೋ ಓಗಿದ್ದ ಊಂ ಕಣೆ! ಅದ್ಕೆ ಬೆಲೆ ಇಲ್ಲ ಅಂತ ಮ್ಯಾನೇಜರ್ರೇ ಬರ್ದವ್ರೆ, ನೀನೇ ಸೈನ್ ಆಕಿದ್ದೀಯ!”

“ಅದು ಬ್ಯಾಂಕಿಗೆ ಬರ್ಕೊಟ್ಟಿದ್ದು,” ಅಂದಳು ರೂಪ, ಕ್ಲಿಪ್ಪಿನ ಡಬ್ಬಿಯನ್ನು ಅವನ ಕೈಗಿಡುತ್ತ. “ಮನೆಗೇನಾದ್ರೂ ಬರ್ಕೊಟ್ಟಿದ್ದೀರಾ?”