ಡಿಕ್ಕಿಯೊಳಗಿನ ದೀಪ

ನನ್ನ ಕಾರಿಗೆ ಒಂದು ವಿಚಿತ್ರ ಕಾಯಿಲೆ ಬಂದಿತ್ತು. ಸಂಜೆ ಚೆನ್ನಾಗಿಯೇ ಬಂದು ನಿಲ್ಲುತ್ತಿತ್ತು, ಬೆಳಿಗ್ಗೆ ಮಾತ್ರ ಏಳುತ್ತಿರಲಿಲ್ಲ. ಕೀ ತಿರುಗಿಸಿದರೆ ಒಂದು ಸಲ 'ಟಿಕ್' ಎಂದು ಸುಮ್ಮನಾಗುತ್ತಿತ್ತು. (ಪ್ರಶ್ನೆ ಕೇಳಿದರೆ ನನ್ನ ಎಂಟನೇ ಕ್ಲಾಸಿನ ಹುಡುಗರು ಇಷ್ಟೂ ಹೇಳುವುದಿಲ್ಲ.) ಪಾಂಡವಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿದ್ಯುಚ್ಛಕ್ತಿಯ ಪಾಠ ಹೇಳುತ್ತಿರುವ ವಿಜ್ಞಾನದ ಮೇಷ್ಟ್ರು ನಾನು. ಅಂಥವನ ಕಾರನ್ನು ಅದೇ ಹುಡುಗರು ವಾರಕ್ಕೆ ಮೂರು ದಿನ ತಳ್ಳುವುದೆಂದರೆ ಮರ್ಯಾದೆ ಏನಾಗಬೇಕು?

ನನ್ನ ಹೆಂಡತಿ ಚಲುವಮ್ಮನಿಗೆ ಮರ್ಯಾದೆಗಿಂತ ಹಾಲು ಮುಖ್ಯ.

"ತಳ್ಳೋದಕ್ಕೆ ಕಾರು ಯಾಕ್ರೀ ಬೇಕು? ಎತ್ತಿನ ಗಾಡಿ ಆಗಿದ್ರೆ ಎತ್ತಾದ್ರೂ ಎಳೀತಿದ್ವು."

"ಅದು ತಾತ್ಕಾಲಿಕ ತೊಂದರೆ ಕಣೇ."

"ಎರಡು ತಿಂಗಳಾಯ್ತು ನಿಮ್ ತಾತ್ಕಾಲಿಕಕ್ಕೆ! ಕೇಳಿಸ್ಕಳಿ. ಭಾನುವಾರ ಅಕ್ಕಿಹೆಬ್ಬಾಳಿನ ಹೊನ್ನಪ್ಪಣ್ಣ ಬತ್ತಾನೆ. ಅಷ್ಟ್ರೊಳ್ಗೆ ಈ ರೋಗ ವಾಸಿ ಆಗ್ದಿದ್ರೆ ಒಂದು ಸೀಮೆ ಹಸೂಗೆ ಇದನ್ನ ಕೊಟ್ಬುಡ್ತೀನಿ."

ಹೊನ್ನಪ್ಪ ದನದ ವ್ಯಾಪಾರದವನು. ಆ ಕಾರೆಂದರೆ ನನಗೆ ಪ್ರಾಣ. ಮೇಲುಕೋಟೆಯ ಬೆಟ್ಟವನ್ನು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುವಾಗ ಅದಕ್ಕೂ ನನಗೂ ಏಕಕಾಲಕ್ಕೆ ಬೆವರುತ್ತದೆ. ಅಂಥ ಸಂಬಂಧ ನಮ್ಮದು.

ಬಸ್‌ಸ್ಟ್ಯಾಂಡಿನ ಹತ್ತಿರ ಬ್ಯಾಟರಿ ಅಂಗಡಿ ಇಟ್ಟಿರುವ ಚಿಕ್ಕಸ್ವಾಮಿಯ ಬಳಿಗೆ ಬ್ಯಾಟರಿ ಹೊತ್ತುಕೊಂಡು ಓಡಿದೆ. ಅವನು ಚಾರ್ಜು ಮಾಡಿ, ಪರೀಕ್ಷಿಸಿ, ತಲೆ ಅಲ್ಲಾಡಿಸಿದ.

"ಬ್ಯಾಟರಿ ಗಟ್ಯಾಗದೆ ಮೇಷ್ಟ್ರೇ. ಗಾಡಿ ನಿಂತಿದ್ರೂವೆ ಒಳ್ಗೆ ಏನೋ ಕದ್ದು ಕರೆಂಟು ಕುಡೀತಾ ಅದೆ. ಬ್ಯಾಟರಿಯ ಒಂದು ವೈರು ಬಿಚ್ಚಿ, ನಡುವೆ ಸಣ್ಣ ಬಲ್ಬು ಕಟ್ಟಿ. ಬಲ್ಬು ಹತ್ಕಂತೋ, ಕಳ್ಳ ಅವ್ನೆ ಅಂತ ಅರ್ಥ. ಫ್ಯೂಜು ಒಂದೊಂದೇ ಕೀಳ್ತಾ ಬನ್ನಿ. ಯಾವ್ದು ಕಿತ್ತಾಗ ಬಲ್ಬು ಆರ್ತದೋ, ಅಲ್ಲವ್ನೆ ಕಳ್ಳ."

ಆಹಾ! ಎಷ್ಟು ಸರಳ, ಎಷ್ಟು ಶಾಸ್ತ್ರೀಯ! ಹಸುವೂ ಹೊನ್ನಪ್ಪನೂ ಮರೆತುಹೋದರು. ಆ ಕಳ್ಳನ ಮುಖ ನೋಡದೆ ಊಟ ಸೇರದು ಎನ್ನುವಷ್ಟು ಕುತೂಹಲ ಹತ್ತಿತು.

ಭಾನುವಾರ ತಿಂಡಿ ಮುಗಿಸಿ ಶೋಧನೆಗೆ ಇಳಿದೆ. ಬಲ್ಬು ಕಟ್ಟಿದೆ; ಹತ್ತಿತು. ಹಾರನ್ನಿನ ಫ್ಯೂಜು ಕಿತ್ತೆ, ಆರಲಿಲ್ಲ. ಮುಂದಿನ ದೀಪಗಳದ್ದು ಕಿತ್ತೆ, ಆರಲಿಲ್ಲ. ಕೊನೆಯದನ್ನು ಕಿತ್ತೆ, ಬಲ್ಬು ಆರಿತು! ಆ ಫ್ಯೂಜಿಗೆ ಸೇರಿದ್ದು ಮೂರೇ: ಗಡಿಯಾರ, ಒಳಗಿನ ದೀಪ, ಡಿಕ್ಕಿಯ ದೀಪ. ಗಡಿಯಾರ ನಾನು ಕಾರು ಕೊಳ್ಳುವ ಮೊದಲೇ ಸತ್ತಿತ್ತು. ಒಳಗಿನ ದೀಪ ಆರಿರುವುದು ಕಣ್ಣಿಗೇ ಕಾಣುತ್ತಿತ್ತು. ಉಳಿದದ್ದು ಡಿಕ್ಕಿಯದು.

ಆದರೆ ಡಿಕ್ಕಿ ಮುಚ್ಚಿದಾಗ ದೀಪ ಆರುತ್ತದೋ ಇಲ್ಲವೋ ತಿಳಿಯುವುದು ಹೇಗೆ? ತೆರೆದು ನೋಡಿದರೆ ಹೇಗೂ ಹತ್ತುತ್ತದೆ, ಮುಚ್ಚಿದರೆ ಕಾಣುವುದಿಲ್ಲ. ಮೇಲುಕೋಟೆಯ ಪಂಡಿತರು ಆರು ತಿಂಗಳು ವಾದಿಸಬಹುದಾದ ಪ್ರಶ್ನೆ. ನನ್ನದು ಪ್ರಯೋಗದ ದಾರಿ. ಫ್ಯೂಜುಗಳನ್ನೂ ವೈರನ್ನೂ ಮೊದಲಿನಂತೆ ಜೋಡಿಸಿ, ಡಿಕ್ಕಿಯೊಳಗೆ ಮುದುರಿ ಮಲಗಿ, ಮುಚ್ಚಳ ಎಳೆದುಕೊಂಡೆ.

ಕಟಕ್. ದೀಪ ಆರಲಿಲ್ಲ!

"ಸಿಕ್ಕಿದೆ ಮಗನೇ!" ಎಂದು ಕೂಗಿದೆ. ಕೂಗಿದ ಮೇಲೆ ಹೊಳೆದದ್ದು, ಡಿಕ್ಕಿಯ ಕೀ ಹೊರಗಡೆ ಬೀಗದಲ್ಲೇ ನೇತಾಡುತ್ತಿದೆ ಎಂದು.

ಹೇಗೂ ಸಮಯವಿದೆಯಲ್ಲ ಎಂದು ಸಂಶೋಧನೆ ಮುಂದುವರಿಸಿದೆ. ಮುಚ್ಚಳದ ಒಳಮೈಯಲ್ಲಿ ಒಂದು ರಬ್ಬರ್ ಗುಬುಟು ಇರಬೇಕು. ಮುಚ್ಚಿದಾಗ ಅದು ಸ್ವಿಚ್ಚನ್ನು ಒತ್ತಿ ದೀಪ ಆರಿಸುತ್ತದೆ. ಅದರ ಜಾಗ ಖಾಲಿ. ಯಾವ ಪಾಪಿ ಕಿತ್ತುಕೊಂಡ ಎಂದು ಶಪಿಸುತ್ತಿರುವಾಗ ಕಾಲಿಗೆ ಏನೋ ಚುರುಕ್ಕೆಂದು ಕಚ್ಚಿತು. ಇರುವೆ! ಒಂದಲ್ಲ, ದಿಬ್ಬಣ. ಅವು ಸಾಲುಗಟ್ಟಿ ಹೋಗುತ್ತಿದ್ದುದು ಮೂಲೆಯ ಒಂದು ಡಬ್ಬದ ಕಡೆಗೆ. ಎರಡು ತಿಂಗಳ ಕೆಳಗೆ ಆಲೆಮನೆಯವರು ಕೊಟ್ಟಿದ್ದ ಜೋನಿಬೆಲ್ಲ. ಇಳಿಸಲು ಮರೆತಿದ್ದೆ. ಅವತ್ತು ಡಬ್ಬಕ್ಕೆ ಬಿರಡೆ ಇರಲಿಲ್ಲ. ದಾರಿಯಲ್ಲಿ ಚೆಲ್ಲೀತೆಂದು ನಾನೇ ಎಲ್ಲಿಂದಲೋ ಏನನ್ನೋ ಕಿತ್ತು, ಬಾಯಿಗೆ ತುರುಕಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಡಬ್ಬದ ಬಾಯಲ್ಲಿ ಆ ರಬ್ಬರ್ ಗುಬುಟು ನನ್ನನ್ನೇ ನೋಡುತ್ತಿತ್ತು.

ಹೊರಗೆ ಹೊನ್ನಪ್ಪನ ದನಿ ಕೇಳಿಸಿತು. "ಡಿಕ್ಕಿ ಒಸಿ ತೆಗೀತೀನಿ ಕಣಕ್ಕ, ಎಷ್ಟು ಹೊರೆ ಮೇವು ಹಿಡೀತದೆ ನೋಡವಾ." ಮುಚ್ಚಳ ಮೇಲೆದ್ದಿತು. "ಅಯ್ಯಯ್ಯಪ್ಪೋ! ಒಳ್ಗೆ ಮೇಷ್ಟ್ರು ಅವ್ರೆ!"

"ಇರ್ತಾರೆ ಬುಡಣ್ಣ," ಎಂದಳು ಚಲುವಮ್ಮ, ಒಂದಿಷ್ಟೂ ಬೆಚ್ಚದೆ. "ಏನ್ರೀ, ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದ."

"ಯಾರು?"

ನಾನು ಡಬ್ಬ ಎತ್ತಿ ಹಿಡಿದೆ. ಅವಳು ಡಬ್ಬ ನೋಡಿದಳು, ಮುಚ್ಚಳ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಬೈಯುವುದಕ್ಕಿಂತ ಅದೇ ಹೆಚ್ಚು ಉರಿಯಿತು.

ಹೋಗಲಿ, ಕಾರು ಉಳಿಯಿತಲ್ಲ! ಗುಬುಟನ್ನು ತೊಳೆದು ಅದರ ಜಾಗಕ್ಕೆ ಒತ್ತಿ, ಇರುವೆ ಕೊಡವಿಕೊಳ್ಳುತ್ತಲೇ ಕೀ ತಿರುಗಿಸಿದೆ. ಒಂದೇ ಏಟಿಗೆ ಗುರ್ರ್ ಎಂದಿತು. ಚಲುವಮ್ಮನ ಮುಖ ಅರಳಿತು. ಗೆದ್ದೆ ಎಂದುಕೊಂಡೆ.

ಅವಳು ಹೊನ್ನಪ್ಪನ ಕಡೆ ತಿರುಗಿದಳು. "ನೋಡ್ದೇನಣ್ಣ? ಕಾರು ಈಗ ಕಲ್ಲುಗುಂಡಿನಂಗದೆ. ಒಂದು ಹಸೂಗೆಲ್ಲ ಕೊಡಾಕಿಲ್ಲ. ಎರಡಾದ್ರೆ ಮಾತಾಡು."

"ಎರಡು ಅಂದ್ರೆ ಎರಡೇ ಕಣಕ್ಕ," ಎಂದ ಹೊನ್ನಪ್ಪ.

"ಲೇ, ವಾಸಿ ಆದ್ರೆ ಕೊಡಲ್ಲ ಅಂದಿದ್ದೆಯಲ್ಲೇ!" ಎಂದು ಅರಚಿದೆ.

"ವಾಸಿ ಆಗ್ದಿದ್ರೆ ಒಂದು ಹಸೂಗೆ ಕೊಡ್ತೀನಿ ಅಂದಿದ್ದೆ ಕಣ್ರೀ. ವಾಸಿ ಆದ್ರೆ ಮಡಿಕತ್ತೀನಿ ಅಂತ ಯಾವಾಗ ಅಂದೆ?"

ಕಾರು ಅಕ್ಕಿಹೆಬ್ಬಾಳಿಗೆ ಹೋಯಿತು, ಎರಡು ಸೀಮೆ ಹಸು ನಮ್ಮ ಮನೆಗೆ ಬಂದವು. ಈಗ ದಿನಾ ಐದು ಗಂಟೆಗೆ ಎದ್ದು, ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬರುತ್ತೇನೆ. ಬೆಳಿಗ್ಗೆ ಚಲುವಮ್ಮ ಒಂದೇ ಸಲ ಕೂಗುತ್ತಾಳೆ. ಅಷ್ಟರಲ್ಲೇ ನಾನು ಸ್ಟಾರ್ಟ್ ಆಗಬೇಕು.